ತರಗತಿಯಲ್ಲಿ ತೂಕಡಿಸುವ ಹುಡುಗಿ: ಕಾರಣ ಹೊಟ್ಟೆಯೋ, ಮನೆಯೋ?

ಪ್ರಶ್ನೆ (ಹಳ್ಳಿ ಶಾಲೆ ಟೀಚರ್):
ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಒಬ್ಬ ಹುಡುಗಿ ಇದ್ದಾಳೆ. ವಯಸ್ಸು ಎಂಟು, ನೋಡಿದರೆ ಆರು ಅನ್ನಬೇಕು. ಎರಡನೇ ಪೀರಿಯಡ್‌ಗೇ ತೂಕಡಿಕೆ ಶುರು. ಅಪ್ಪ ದುಡಿಯಲು ದೂರ ಹೋದವರು ತಿಂಗಳುಗಟ್ಟಲೆ ಬರುವುದಿಲ್ಲ. ಅಮ್ಮ ಬೆಳಕು ಹರಿಯುವ ಮೊದಲೇ ಕೂಲಿಗೆ ಹೊರಡುತ್ತಾರೆ. ತಮ್ಮನನ್ನು ಎಬ್ಬಿಸಿ, ಮುಖ ತೊಳೆಸಿ, ತಿನ್ನಿಸಿ ಇವಳು ಓಡಿ ಬರುತ್ತಾಳೆ. ನೀನು ತಿಂದೆಯಾ ಅಂದರೆ ಸುಮ್ನೆ ನಗುತ್ತಾಳೆ. ಲೆಕ್ಕ ಬಾಯಲ್ಲಿ ಕೇಳಿದರೆ ಪಟಪಟನೆ ಹೇಳುತ್ತಾಳೆ, ಬೋರ್ಡ್ ನೋಡಿ ಬರೆಯುವಾಗ ಅರ್ಧಕ್ಕೇ ಬಿಡುತ್ತಾಳೆ. 'ಅವಳ ತಲೆಗೆ ಹತ್ತಲ್ಲ ಬಿಡಿ' ಅನ್ನುತ್ತಾರೆ ಜೊತೆಯವರು. ನನಗೆ ಒಪ್ಪಿಗೆಯಿಲ್ಲ. ನಾನು ಏನು ಮಾಡಬಹುದು?

ಉತ್ತರ 1 (ಮಕ್ಕಳ ವಾರ್ಡಿನ ನರ್ಸ್):
ಮೊದಲು ರಕ್ತ ಪರೀಕ್ಷೆ ಮಾಡಿಸಿ ಮೇಡಂ. 5ರಿಂದ 11 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಕಬ್ಬಿಣಾಂಶ ಕಮ್ಮಿಯಾದರೆ ಹೆಚ್ಚಾಗಿ ಜ್ವರ, ನೋವು ಏನೂ ಇರುವುದಿಲ್ಲ. ಸುಸ್ತು, ಗಮನ ನಿಲ್ಲದಿರುವುದು, ಇಷ್ಟೇ. ಜನ ಸೋಮಾರಿತನ ಅಂದುಕೊಳ್ಳುತ್ತಾರೆ. ಕೊಕ್ಕೆಹುಳು ಇದ್ದರಂತೂ ಕರುಳಿನಲ್ಲಿ ಕೂತು ರಕ್ತ ಹೀರುತ್ತಿರುತ್ತದೆ. ಮಾತ್ರೆ ನೀವಾಗಿ ಕೊಡಬೇಡಿ, ಡಾಕ್ಟರ್ ಹೇಳಲಿ. ಕಣ್ಣೂ ತೋರಿಸಿ, ಬೋರ್ಡ್ ಸರಿಯಾಗಿ ಕಾಣದೆಯೂ ಇರಬಹುದು.

ಉತ್ತರ 2:
ಊಟ ಸರಿ ಮಾಡಲು ಎಂಟು ವರ್ಷಕ್ಕೆ ತಡವಾಯ್ತು ಅಲ್ವಾ? ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಮಕ್ಕಳಿಗೆ ಪೌಷ್ಟಿಕ ಪಾನೀಯ ಕೊಟ್ಟು ನೋಡಿದ್ದರು. ದೊಡ್ಡವರಾದ ಮೇಲೆ ಗಂಡಸರಿಗೆ ಗಂಟೆಗೆ ಸಿಗುವ ಕೂಲಿ ಜಾಸ್ತಿಯಾಗಿದ್ದು ಮೂರು ವರ್ಷದೊಳಗೆ ಕುಡಿದವರಲ್ಲಿ ಮಾತ್ರ.

ಉತ್ತರ 3:
ತಡವಾಯ್ತು ಅನ್ನುವುದು ಎತ್ತರದ ಮಟ್ಟಿಗೆ ಬಹುಪಾಲು ನಿಜ. ಆದರೆ ಊಟವೊಂದೇ ಲೆಕ್ಕವಲ್ಲ. ಜಮೈಕಾದಲ್ಲಿ ಬೆಳವಣಿಗೆ ಕುಂಠಿತವಾದ ಪುಟ್ಟ ಮಕ್ಕಳ ಮನೆಗೆ ವಾರಕ್ಕೊಂದು ಗಂಟೆ, ಎರಡು ವರ್ಷ ಹೋಗಿ, ಮಗುವಿನ ಜೊತೆ ಮಾತಾಡುತ್ತಾ ಆಡುವುದನ್ನು ಅಮ್ಮಂದಿರಿಗೆ ಕಲಿಸಿದರು. 22ನೇ ವಯಸ್ಸಿಗೆ ಆ ಮಕ್ಕಳ ಸಂಪಾದನೆ, ಇಂಥ ಭೇಟಿ ಸಿಗದ ಅಂಥದ್ದೇ ಕುಂಠಿತ ಮಕ್ಕಳಿಗಿಂತ ಶೇಕಡಾ 25 ಹೆಚ್ಚಿತ್ತು. ಬರೀ ಆಹಾರ ಸಿಕ್ಕವರಲ್ಲಿ ಲಾಭ ಅಷ್ಟು ಕಾಲ ನಿಲ್ಲಲಿಲ್ಲ. ಅವರೂ ಚಿಕ್ಕ ಮಕ್ಕಳೇ, ಒಪ್ಪಿದೆ. ಆದರೆ ರಕ್ತಹೀನತೆ ಎಂಟರಲ್ಲೂ ವಾಸಿಯಾಗುತ್ತದೆ. ಟೀಚರ್, ನಿಮ್ಮ ಹುಡುಗಿಗಿಂತ ನನಗೆ ಚಿಂತೆ ಆ ತಮ್ಮನದು. ಅವನ ವಯಸ್ಸೆಷ್ಟು?

ಉತ್ತರ 4:
ನಾನೂ ಮನೆಯ ದೊಡ್ಡ ಮಗಳು, ಹೀಗೇ ಬೆಳೆದವಳು. ದಯವಿಟ್ಟು ಎಲ್ಲರೆದುರು 'ತಿಂದೆಯಾ' ಅಂತ ಕೇಳಬೇಡಿ. ನಾವು ಸುಳ್ಳೇ ಹೇಳುವುದು. ಹೋಮ್‌ವರ್ಕ್ ಶಾಲೆಯಲ್ಲೇ ಮುಗಿಸಲು ಬಿಡಿ, ಮನೆಯಲ್ಲಿ ಅವಳಿಗೆ ಪುರುಸೊತ್ತು ಎಲ್ಲಿಂದ? ಅಮ್ಮನನ್ನು ದೂರು ಹೇಳಲು ಕರೆಸಬೇಡಿ. ಅವರ ಒಂದು ದಿನದ ಕೂಲಿ ಹೋಗುತ್ತದೆ.

ಟೀಚರ್:
ಅಮ್ಮನಿಗೆ ಕರೆ ಕಳಿಸುವುದರಲ್ಲಿದ್ದೆ, ನಿಲ್ಲಿಸಿದೆ. ಸಂಜೆ ನಾನೇ ಹೋಗುತ್ತೇನೆ. ತಮ್ಮನಿಗೆ ಇನ್ನೂ ಎರಡು ವರ್ಷ. ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ಯೋಣ ಅಂತ ಕೇಳಿ ನೋಡುತ್ತೇನೆ. ನರ್ಸ್ ಮೇಡಂ, ತರಗತಿಯ ಎಲ್ಲರ ಎತ್ತರವನ್ನೂ ಬರೆದಿಡೋಣ ಅಂತಿದ್ದೇನೆ. ಗೋಡೆಗೆ ಅಳತೆ ಪಟ್ಟಿ ಅಂಟಿಸಿದರೆ ಸಾಕಾ?

ಉತ್ತರ 1:
ಸಾಕು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಲಿ. ಹುಟ್ಟಿದ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ, ಅದಿಲ್ಲದೆ ಎತ್ತರ ಕಮ್ಮಿಯೋ ಸರಿಯೋ ಗೊತ್ತಾಗಲ್ಲ.