ಅಪ್‌ಡೇಟ್: ಹುಬ್ಬಳ್ಳಿಯಿಂದ ಭಾರತ ಸುತ್ತು, ಒಂದೇ ಟಿಕೆಟ್‌ನಲ್ಲಿ

ಹುಬ್ಬಳ್ಳಿ ಬಿಟ್ಟು ಉತ್ತರ, ಪೂರ್ವ ಭಾರತ ಸುತ್ತಿ ಮರಳಲು ರೈಲಿನಲ್ಲಿ ಒಂದೇ ಟಿಕೆಟ್ ಸಿಗುತ್ತದೆಯೇ ಎಂದು ಕೇಳಿದ್ದೆ. ಸಿಗುತ್ತದೆ, ಸರ್ಕ್ಯುಲರ್ ಜರ್ನಿ ಟಿಕೆಟ್. ಆನ್‌ಲೈನ್‌ನಲ್ಲಿ ಹುಡುಕಬೇಡಿ, ಅಲ್ಲಿಲ್ಲ. ಮಾರ್ಗ ಬರೆದು ವಿಭಾಗೀಯ ವಾಣಿಜ್ಯ ಕಚೇರಿಗೆ ಅರ್ಜಿ ಕೊಡಬೇಕು.

ಹೊರಟ ನಿಲ್ದಾಣಕ್ಕೇ ಮರಳಬೇಕು; ನಡುವೆ ಹೆಚ್ಚೆಂದರೆ 8 ಕಡೆ ಇಳಿಯಬಹುದು. ನನ್ನ ಪಟ್ಟಿ: ಮುಂಬೈ, ಅಹಮದಾಬಾದ್, ಜೈಪುರ, ದೆಹಲಿ, ವಾರಾಣಸಿ, ಹೌರಾ, ಭುವನೇಶ್ವರ, ವಿಜಯವಾಡ. ಅಲ್ಲಿಗೆ ಎಂಟೂ ಮುಗಿಯಿತು. ಆಗ್ರಾಕ್ಕೆ ದೆಹಲಿಯಿಂದ ಬೇರೆ ಟಿಕೆಟ್ (ಶುಕ್ರವಾರ ತಾಜ್ ಮುಚ್ಚಿರುತ್ತದೆ, ನೆನಪಿರಲಿ).

ದರ ಕಡಿಮೆಯಾಗುವುದು ಏಕೆಂದರೆ, ಒಟ್ಟು ದೂರವನ್ನು ಎರಡು ಸಮ ಪ್ರಯಾಣಗಳೆಂದು ಲೆಕ್ಕ ಹಾಕುತ್ತಾರೆ. ದೂರ ಹೆಚ್ಚಿದಷ್ಟೂ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ: ಈ ಟಿಕೆಟ್ ಕೈಗೆ ಬಂದರೆ ಬರ್ತ್ ಬಂದಂತಲ್ಲ. ಪ್ರತಿ ಹಂತಕ್ಕೂ ಬೇರೆಯಾಗಿ ರಿಸರ್ವೇಶನ್ ಮಾಡಿಸಬೇಕು, ಅದರ ಶುಲ್ಕವೂ ಬೇರೆ. ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಆದ್ದರಿಂದ ಅರ್ಜಿ ಅದಕ್ಕಿಂತ ಮೊದಲೇ ಹೋಗಿರಲಿ. ಮುಂಬೈಯಲ್ಲಿ ಇಳಿಯುವ ನಿಲ್ದಾಣ ಒಂದು, ಅಹಮದಾಬಾದ್ ಗಾಡಿ ಹತ್ತುವುದು ಮುಂಬೈ ಸೆಂಟ್ರಲ್‌ನಂಥ ಇನ್ನೊಂದು. ನಡುವೆ ಲೋಕಲ್ ಹಿಡಿಯಲು ಮೂರು ಗಂಟೆಯಾದರೂ ಇಟ್ಟುಕೊಳ್ಳಿ.