ಪದಚರ್ಚೆ: ‘ಸಿನಾಪ್ಸ್’ಗೆ ನರಸಂಧಿಯೋ, ನರಸಂದೋ?

ಪ್ರಶ್ನೆ:
ಮಾನ್ಯರೇ, ಆಸ್ಪತ್ರೆಯೊಂದರ ಗೋಡೆಗೆ ಹಾಕುವ ನರಮಂಡಲದ ಚಿತ್ರಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಿದುಳುಬಳ್ಳಿ, ಜ್ಞಾನವಾಹಿ ನರ, ಕ್ರಿಯಾವಾಹಿ ನರ ಇವೆಲ್ಲ ಸಲೀಸಾಗಿ ಬಂದವು. ಒಂದು ನರಕೋಶವು ಇನ್ನೊಂದಕ್ಕೆ ಸಂಕೇತ ದಾಟಿಸುವ ‘ಸಿನಾಪ್ಸ್’ ಎಂಬಲ್ಲಿ ಲೇಖನಿ ನಿಂತಿದೆ. ‘ನರಸಂಧಿ’ ಎನ್ನಬಹುದೇ? ಪಟ ಸೋಮವಾರ ಅಚ್ಚಿಗೆ ಹೋಗಬೇಕು.

ಉತ್ತರ 1:
ಮೊದಲು ‘ನರ’ವನ್ನೇ ಬಿಡಿ. ನರ ಎಂದರೆ ಮನುಷ್ಯ. ಹಿಂದಿಯಲ್ಲಿರುವಂತೆ ‘ತಂತ್ರಿಕಾ’ ಎಂದು ಬರೆದರೆ ಗೊಂದಲವಿರುವುದಿಲ್ಲ.

ಉತ್ತರ 2:
ಈ ಸಲಹೆಯನ್ನು ಒಪ್ಪಲಾರೆ. ಮನುಷ್ಯನೆಂಬ ‘ನರ’ ಸಂಸ್ಕೃತದ್ದು. ಮೈಯೊಳಗಿನ ನರ ತಮಿಳಿನ ನರಂಬು, ಮಲಯಾಳದ ಞರಂಬುಗಳ ಒಡಹುಟ್ಟು. ರಕ್ತ ತೆಗೆಯುವಾಕೆ ಮೊಣಕೈಯ ಮಡಿಕೆಯನ್ನು ಬೆರಳಿನಿಂದ ತಟ್ಟುತ್ತ “ನರ ಸಿಗ್ತಿಲ್ಲ” ಎನ್ನುವಾಗ ಹುಡುಕುವುದು ರಕ್ತನಾಳವನ್ನು ಎಂಬುದು ನಿಜ. ಆದರೆ ಈಗ ನರಕೋಶಕ್ಕೆ ಹೆಸರಾಗಿರುವ ಗ್ರೀಕಿನ ‘ನ್ಯೂರಾನ್’ ಕೂಡ ಮೊದಲಿಗೆ ಸ್ನಾಯುರಜ್ಜುವಿನ, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಪಟ್ಟಿಯ, ಹೆಸರಾಗಿತ್ತು. ಎರವಲು ತಂದರೆ ಖಚಿತತೆ ತಾನಾಗಿ ಬರುತ್ತದೆ ಎನ್ನುವವರು ‘ಸ್ನಾಯು’ವನ್ನೇ ನೋಡಲಿ: ಒಂದೇ ಸಂಸ್ಕೃತ ಪದ ಬಂಗಾಳಿಯಲ್ಲಿ ನರವಾಗಿದೆ, ಕನ್ನಡದಲ್ಲಿ ಮಾಂಸಖಂಡವಾಗಿದೆ.

ಇನ್ನು ‘ನರಸಂಧಿ’. ಅದೂ ಬೇಡ. ಸಂಧಿಯಾದ ಮೇಲೆ ಎರಡರ ನಡುವೆ ಎಡೆ ಉಳಿಯುವುದಿಲ್ಲ. ಇಲ್ಲಿ ಎಡೆಯೇ ಮುಖ್ಯ. ನರಕೋಶಗಳು ಬಲೆಯ ಹಾಗೆ ಬೆಸೆದುಕೊಂಡಿವೆ ಎಂದು ಇಟಲಿಯ ವಿಜ್ಞಾನಿ ಗಾಲ್ಜಿ, ಒಂದೊಂದೂ ಬಿಡಿ ಎಂದು ಸ್ಪೇನಿನ ವಿಜ್ಞಾನಿ ಕಹಾಲ್ ವಾದಿಸಿದರು; 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರಾದರೂ ನಿಂತದ್ದು ಕಹಾಲರ ಮಾತು. ನರತಂತುವಿನುದ್ದಕ್ಕೂ ವಿದ್ಯುತ್ ಅಲೆಯಾಗಿ ಓಡಿಬಂದ ಸಂಕೇತವು ತುದಿಯನ್ನು ಮುಟ್ಟಿದಾಗ, ಅಲ್ಲಿಂದ ಅಸಿಟೈಲ್‌ಕೋಲಿನ್‌ನಂತಹ ರಾಸಾಯನಿಕವು ಹೊರಬಿದ್ದು, ಸುಮಾರು 20 ನ್ಯಾನೊಮೀಟರ್ ಅಗಲದ ಎಡೆಯನ್ನು ದಾಟಿ, ಆಚೆಯ ಕೋಶವನ್ನು ಕೆರಳಿಸುತ್ತದೆ ಇಲ್ಲವೇ ತಡೆಯುತ್ತದೆ. ‘ಸಂಧಿ’ಯಲ್ಲಿ ಈ ದಾಟುವಿಕೆಗೆ ಜಾಗವೇ ಇಲ್ಲ.

ನನ್ನ ಸೂಚನೆ ‘ನರಸಂದು’. ‘ಸಂದು’ ಸಂಧಿಯ ತದ್ಭವವೇ ಆದರೂ ಕನ್ನಡದಲ್ಲಿ ಅದರ ಬಾಳು ಬೇರೆ. ಸಂದುನೋವು ಎಂದಾಗ ಅದು ಕೂಡುವ ಜಾಗ. ಹಲ್ಲಿನ ಸಂದಿನಲ್ಲಿ ಅಡಕೆಯ ಚೂರು ಸಿಕ್ಕಿಕೊಂಡಿತು ಎಂದಾಗ ನಡುವಿನ ಎಡೆ. 1897ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಶೆರಿಂಗ್ಟನ್ ಬಳಕೆಗೆ ತಂದ ‘ಸಿನಾಪ್ಸ್’ನ ಗ್ರೀಕ್ ಮೂಲದಲ್ಲಿ ಇರುವುದು ಒಟ್ಟಾಗಿ ಹಿಡಿದುಕೊಳ್ಳುವ ಅರ್ಥ ಮಾತ್ರ, ಎಡೆಯ ಸುಳಿವು ಅಲ್ಲಿಲ್ಲ. ಈ ಒಂದು ಕಡೆ ನಮ್ಮ ಪದವೇ ಮೂಲಕ್ಕಿಂತ ಹೆಚ್ಚು ಹೇಳುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಪಟದಲ್ಲಿ ‘ನರಸಂದು’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಸಣ್ಣದಾಗಿ ‘ಸಿನಾಪ್ಸ್’ ಎಂದೂ ಸೇರಿಸಿ. ವೈದ್ಯರ ಬಾಯಲ್ಲಿ ಆ ಮಾತು ಬಂದಾಗ ರೋಗಿಗೆ ಗುರುತು ಸಿಗಲಿ. ಎರಡು ಕೋಶಗಳ ತುದಿಗಳು ಒಂದಕ್ಕೊಂದು ತಾಗದಂತೆ ಬರೆಯಲು ಚಿತ್ರಕಾರರಿಗೂ ತಪ್ಪದೆ ತಿಳಿಸಿ.