ಪದಚರ್ಚೆ: ಲೈಡಾರ್‌ನ ‘ನಾಯ್ಸ್’ ಗದ್ದಲವೋ, ಜೊಳ್ಳೋ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ಡ್ರೋನ್ ಸರ್ವೆ ಮಾಡುವ ಸಣ್ಣ ಕಚೇರಿಯೊಂದರಲ್ಲಿ ನನ್ನ ಕೆಲಸ. ಮಳೆಗಾಲದಲ್ಲಿ ಹಾರಾಟ ಹೆಚ್ಚೂಕಡಿಮೆ ನಿಂತೇ ಹೋಗುತ್ತದೆ. ಈ ಬಿಡುವಿನಲ್ಲಿ, ಹೊಸದಾಗಿ ಸೇರಿರುವ ಇಂಡಿ, ಅಥಣಿ ಕಡೆಯ ಹುಡುಗರಿಗೆಂದು ಒಂದು ಕನ್ನಡ ಕೈಪಿಡಿ ಬರೆಯಲು ಕೂತಿದ್ದೇನೆ. ‘ನಾಯ್ಸ್’ ಎಂಬ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಡ್ರೋನಿಗೆ ಕಟ್ಟಿದ ಲೈಡಾರ್ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಡಿತಗಳನ್ನು ಕೆಳಕ್ಕೆ ಬಿಡುತ್ತದೆ. ಮಿಡಿತ ಬಡಿದು ಮರಳಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕಿ ಒಂದು ಚುಕ್ಕಿ ಇಡುತ್ತದೆ. ಕೋಟಿಗಟ್ಟಲೆ ಚುಕ್ಕಿ ಸೇರಿ ಗುಡ್ಡ, ಮನೆ, ಮರ ಮೂಡುತ್ತವೆ. ಜೊತೆಗೆ ಏನೂ ಇಲ್ಲದ ಕಡೆಯೂ ಚುಕ್ಕಿ ಬಿದ್ದಿರುತ್ತವೆ. ಇಂಗ್ಲಿಷ್ ಇದಕ್ಕೆಲ್ಲ ‘ನಾಯ್ಸ್’ ಎಂದು ಒಂದೇ ಹೆಸರಿಟ್ಟು ಕೈತೊಳೆದುಕೊಂಡಿದೆ.

ಮೊದಲು ‘ಶಬ್ದ’ ಎಂದೇ ಬರೆದಿದ್ದೆ. ಕೇಶಿರಾಜನ ‘ಶಬ್ದಮಣಿದರ್ಪಣ’ ಇರುವ ಭಾಷೆಯಲ್ಲಿ ‘ಶಬ್ದ ತೆಗೆಯುವ ವಿಧಾನ’ ಎಂದರೆ ಏನು ತಿಳಿಯಬೇಕು? ಹುಡುಗನೊಬ್ಬ ಅದನ್ನು ಓದಿ, ಡ್ರೋನಿನ ರೆಕ್ಕೆಯ ಸದ್ದು ಕಡಿಮೆ ಮಾಡುವುದು ಹೇಗೆ ಎಂಬ ಪಾಠ ಅಂದುಕೊಂಡ. ತಪ್ಪು ಅವನದಲ್ಲ. ಗದ್ದಲ, ಗಲಾಟೆಗಳೂ ಕಿವಿಯ ಮಾತುಗಳೇ. ಟೆಲಿಫೋನು, ರೇಡಿಯೊದವರಿಗೆ ನಾಯ್ಸ್ ನಿಜಕ್ಕೂ ಕಿವಿಗೆ ಕೇಳುತ್ತಿತ್ತು, ಅವರಿಗೆ ಆ ಪದ ಸರಿ. ನಮ್ಮ ಚುಕ್ಕಿಗಳು ಕಣ್ಣಿಗೆ ಕಾಣುತ್ತವೆಯೇ ಹೊರತು ಸದ್ದು ಮಾಡುವುದಿಲ್ಲ. ಪಕ್ಕದ ಮೇಜಿನ ಮರಾಠಿ ಗೆಳೆಯರು ಇಷ್ಟೆಲ್ಲ ಯೋಚಿಸುವುದಿಲ್ಲ, ‘ಕಚರಾ’ ಅಂದು ಮುಂದೆ ಹೋಗುತ್ತಾರೆ.

ಒಂದು ದಿನ ಊರಿಂದ ಅವ್ವ ಫೋನ್ ಮಾಡಿ “ಏನ್ ಮಾಡಾಕತ್ತಿ?” ಅಂದಳು. “ಚುಕ್ಕಿಯೊಳಗಿನ ಕಸಾ ತಗ್ಯಾಕತ್ತೀನಿ” ಅಂದೆ. “ಹಸನ ಮಾಡಾಕತ್ತೀನಿ ಅನ್ನು” ಅಂದಳು. ಜೋಳ ಹಸನು ಮಾಡುವ ಮಾತು ಅದು. ಕ್ರಿಯಾಪದ ಅಲ್ಲೇ ಸಿಕ್ಕಿತು. ನಾಮಪದ ಹುಡುಕುತ್ತ ಹೋದರೆ ಒಂದಲ್ಲ, ಮೂರು ಸಿಕ್ಕವು.

ನೆಲದಿಂದ ಮೇಲೆ ಗಾಳಿಯಲ್ಲಿ ಒಂಟಿಯಾಗಿ ತೇಲುವ ಚುಕ್ಕಿಗಳಿಗೆ ‘ಜೊಳ್ಳು’ ಎನ್ನಬಹುದೆಂದು ನನಗನಿಸುತ್ತದೆ. ಹಾರುತ್ತಿದ್ದ ಹದ್ದು, ಕ್ರಷರಿನ ಧೂಳು, ಮಂಜು ಇಂಥವುಗಳಿಗೆ ತಾಗಿ ಹುಟ್ಟಿದವು. ನೋಡಲು ಕಾಳಿನಂತೆಯೇ, ಒಳಗೆ ಏನಿಲ್ಲ. ಇವನ್ನು ತೂರುವ ಲೆಕ್ಕವೂ ಸರಳ. ಪ್ರತಿ ಚುಕ್ಕಿಗೂ ಹತ್ತಿರದ ಏಳೆಂಟು ನೆರೆಯವರ ಸರಾಸರಿ ದೂರ ನೋಡುವುದು, ಉಳಿದವರಿಗಿಂತ ತೀರಾ ದೂರ ಇದ್ದರೆ ಹಾರಿಸುವುದು. ಗಾಳಿ ಜೋರಾದರೆ ಕಾಳೂ ಹಾರುತ್ತದೆ. ಒಮ್ಮೆ ನಾನೇ ಮಿತಿಯನ್ನು ಬಿಗಿ ಮಾಡಿ, ಕಣಿವೆ ದಾಟುವ ಹೈಟೆನ್ಷನ್ ತಂತಿಯನ್ನು ಗೋಪುರದಿಂದ ಗೋಪುರದವರೆಗೆ ಮಾಯ ಮಾಡಿದ್ದೆ. ಗಿರಾಕಿ ಕೇಳಿದ್ದು ಆ ತಂತಿಯನ್ನೇ! ಹಾಗೆಯೇ ದಟ್ಟ ಧೂಳಿನ ಮೋಡ ಈ ತೂರಿಕೆಗೆ ಜಗ್ಗುವುದಿಲ್ಲ, ಅದರ ಚುಕ್ಕಿಗಳಿಗೆ ಬೇಕಾದಷ್ಟು ನೆರೆಹೊರೆ ಇರುತ್ತದೆ.

ಎರಡನೆಯದು ನೆಲದ ಕೆಳಗೆ ಬೀಳುವ ಚುಕ್ಕಿ. ಮಿಡಿತ ಗಾಜಿಗೋ ನೀರಿಗೋ ಬಡಿದು, ಇನ್ನೊಂದು ಕಡೆ ಪುಟಿದು, ಸುತ್ತಿ ಬಳಸಿ ತಡವಾಗಿ ಮರಳುತ್ತದೆ. ತಡವಾದಷ್ಟೂ ಯಂತ್ರಕ್ಕೆ ಅದು ದೂರ, ಅಂದರೆ ಆಳ. ನೆಲ ಗುರುತಿಸುವ ಎಷ್ಟೋ ಸಾಫ್ಟ್‌ವೇರ್‌ಗಳು ಅತಿ ತಗ್ಗಿನ ಚುಕ್ಕಿಯಿಂದಲೇ ಲೆಕ್ಕ ಶುರು ಮಾಡುವುದರಿಂದ, ಇಂಥದ್ದೊಂದು ಉಳಿದರೂ ಸಪಾಟು ಹೊಲದಲ್ಲಿ ಬಾವಿ ತೋಡಿದಂತಾಗುತ್ತದೆ. ಇದು ಜೊಳ್ಳಲ್ಲ, ಅನ್ನದಲ್ಲಿ ಹಲ್ಲಿಗೆ ಸಿಗುವ ‘ಹರಳು’. ಲೈಡಾರ್ ಕಡತಗಳ ಎಲ್‌ಎಎಸ್ ಮಾದರಿಯಲ್ಲೂ ಇವೆರಡು ಬೇರೆಯೇ: ಚುಕ್ಕಿಯ ಬಗೆ ತಿಳಿಸುವ ಅಂಕಿ ತಗ್ಗಿನದಕ್ಕೆ 7, ಎತ್ತರದ್ದಕ್ಕೆ 18. ಅಂಕಿ ಎರಡಿದ್ದ ಮೇಲೆ ಹೆಸರೂ ಎರಡಿರಲಿ.

ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯದು. ಸಿಮೆಂಟಿನ ಸಪಾಟು ತಾರಸಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದು ಗೆರೆಯಾಗಿ ಕಾಣುವುದಿಲ್ಲ, ಕೆಲವು ಸೆಂಟಿಮೀಟರ್ ದಪ್ಪದ ಕಂಬಳಿಯಾಗಿ ಕಾಣುತ್ತದೆ. ಬೆಳಕು ಹೋಗಿ ಬರುವ ಹೊತ್ತನ್ನು ಒಂದು ನ್ಯಾನೊಸೆಕೆಂಡ್ ತಪ್ಪಾಗಿ ಅಳೆದರೆ ದೂರ 15 ಸೆಂಟಿಮೀಟರ್ ತಪ್ಪುತ್ತದೆ. ಅದರ ಚೂರುಪಾರೇ ಈ ದಪ್ಪಕ್ಕೆ ಒಂದು ಕಾರಣ. ಇಲ್ಲಿ ಎಸೆಯುವುದು ಯಾವುದನ್ನು? ಪ್ರತಿ ಚುಕ್ಕಿಯೂ ನಿಜ, ಪ್ರತಿಯೊಂದೂ ಒಂದಿಷ್ಟು ಮುಕ್ಕು. ಇದಕ್ಕೆ ‘ನುಚ್ಚು’ ಅನ್ನೋಣವೇ? ನುಚ್ಚನ್ನು ನಮ್ಮ ಕಡೆ ಯಾರೂ ತೂರುವುದಿಲ್ಲ, ಬೇಯಿಸಿ ಮಜ್ಜಿಗೆ ಹಾಕಿ ಉಣ್ಣುತ್ತೇವೆ. ಈ ಚುಕ್ಕಿಗಳನ್ನೂ ಹಾಗೇ ಇಟ್ಟುಕೊಂಡು ಸರಾಸರಿಯಲ್ಲಿ ನಯ ಮಾಡಬೇಕು.

ಇದು ತೀರಾ ಮನೆಯ ಮಾತಾಯಿತು ಎನ್ನುವವರಿಗೆ ಒಂದು ಸಂಗತಿ. 1918ರಲ್ಲಿ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ, ಎಲೆಕ್ಟ್ರಾನುಗಳು ಒಂದೊಂದಾಗಿ ಬಂದು ಬೀಳುವುದರಿಂದ ಕರೆಂಟಿನಲ್ಲಿ ಹುಟ್ಟುವ ಏರಿಳಿತಕ್ಕೆ ಜರ್ಮನ್ನಿನಲ್ಲಿ ‘ಶ್ರೋಟ್’ ಪರಿಣಾಮ ಎಂದು ಹೆಸರಿಟ್ಟ. ಶ್ರೋಟ್ ಎಂದರೆ ಬಂದೂಕಿನ ಚರೆ. ದಪ್ಪಗೆ ಒಡೆದ ಕಾಳಿಗೂ ಜರ್ಮನ್ನಿನಲ್ಲಿ ಅದೇ ಮಾತು! ಇಂಗ್ಲಿಷಿನವರು ಚರೆಯನ್ನು ಮಾತ್ರ ಎತ್ತಿಕೊಂಡು ‘ಶಾಟ್ ನಾಯ್ಸ್’ ಮಾಡಿಕೊಂಡರು. ನುಚ್ಚು ನಮಗೆ ಉಳಿದಿದೆ.

ಗಿಡಮರದ ಚುಕ್ಕಿಗಳನ್ನು ಕೆಲವರು ನಾಯ್ಸ್ ಪಟ್ಟಿಗೇ ಸೇರಿಸುತ್ತಾರೆ. ನಾನು ಒಪ್ಪುವುದಿಲ್ಲ. ನೆಲ ಬೇಕಾದವನಿಗೆ ಅದು ಕಳೆ, ಕಾಡು ಅಳೆಯುವವನಿಗೆ ಅದೇ ಬೆಳೆ.

ಈಗ ನನ್ನ ಪ್ರಶ್ನೆಗಳು. ಹರಳು ಬೇರ್ಪಡಿಸಲು ಮೊರವನ್ನು ಅಲ್ಲಾಡಿಸುವುದಕ್ಕೆ ‘ಒನೆ’ ಎಂಬ ಮಾತು ಕೇಳಿದ್ದೇನೆ. ನಿಮ್ಮ ಕಡೆ ಅದು ಈಗಲೂ ಬಳಕೆಯಲ್ಲಿದೆಯೇ? ‘ಕೇರು’ವುದಕ್ಕೂ ಅದಕ್ಕೂ ನಿಮ್ಮ ಮನೆಯ ಹಿರಿಯರು ವ್ಯತ್ಯಾಸ ಮಾಡುತ್ತಾರೆಯೇ? ಜೊಳ್ಳು ತೆಗೆಯುವುದಕ್ಕೆ ‘ತೂರು’, ತಗ್ಗಿನ ಹರಳಿಗೆ ‘ಒನೆ’ ಎಂದು ಕೈಪಿಡಿಯಲ್ಲಿ ಹಾಕಿದರೆ ಕರಾವಳಿ, ಮಲೆನಾಡಿನವರಿಗೂ ತಿಳಿಯುತ್ತದೆಯೇ? ಮೂರಕ್ಕೂ ಸೇರಿಸಿ ಒಂದು ಹೆಸರು ಬೇಕಾದಾಗ ಸದ್ಯಕ್ಕೆ ‘ಕಸರು’ ಎಂದು ಬರೆದಿಟ್ಟಿದ್ದೇನೆ. ಅದು ಅಷ್ಟು ಹಿಡಿಸಿಲ್ಲ. ದಸರೆ ಕಳೆದ ಮೇಲೆ ಡ್ರೋನ್ ಮತ್ತೆ ಏರುತ್ತದೆ, ಅಷ್ಟರೊಳಗೆ ತಿಳಿಸಿದರೆ ಉಪಕಾರ.